ಪದ ಮೊದಲು, ಅರ್ಥ ಆಮೇಲೆ: ಚತುರ ಪ್ರೇಮಗೀತೆಗಳ ಆಲ್ಬಮ್ ಒಂದನ್ನು ಚಾವಡಿಯಲ್ಲಿ ಕೇಳಿಸುವ ಕ್ರಮ

ತನಗೆ ಹುಚ್ಚು ಹಿಡಿಸಿದ ಆಲ್ಬಮ್ ಒಂದನ್ನು ನೆಂಟರಿಷ್ಟರಿಗೂ ಕೇಳಿಸಬೇಕೆಂಬ ಆಸೆ ಸಂಗೀತ ಪ್ರಿಯರೆಲ್ಲರಿಗೂ ಇರುತ್ತದೆ. ಆದರೆ ಆ ಆಲ್ಬಮ್ ಪರಭಾಷೆಯದಾಗಿದ್ದು, ಅದರ ಸೊಗಸೆಲ್ಲ ರಾಗಕ್ಕಿಂತ ಹೆಚ್ಚಾಗಿ ಮಾತಿನ ಚಮತ್ಕಾರದಲ್ಲಿದ್ದರೆ, ಸುಮ್ಮನೆ ಹಾಕಿ ಕೇಳಿಸಿದ ಮಾತ್ರಕ್ಕೆ ನಮ್ಮ ಉತ್ಸಾಹ ಇನ್ನೊಬ್ಬರಿಗೆ ದಾಟುವುದಿಲ್ಲ. ಬದಿಯಡ್ಕದ ಬಳಿಯ ನಮ್ಮ ಮನೆಯ ಚಾವಡಿಯಲ್ಲಿ ಇಂಥ ಒಂದು ಆಲ್ಬಮನ್ನು ಹತ್ತು ಹನ್ನೆರಡು ಜನ ಕೂತು ಕೇಳುವ ರೂಢಿಯನ್ನು ನಾವು ಕೆಲವು ಮಳೆಗಾಲಗಳಿಂದ ಬೆಳೆಸಿಕೊಂಡಿದ್ದೇವೆ. ಆ ಅನುಭವದಿಂದ ಕಂಡುಕೊಂಡ ಕ್ರಮವನ್ನು, ಕಾಸರಗೋಡಿನ ಕನ್ನಡಿಗರಿಗೆ ಒಪ್ಪುವ ಹಾಗೆ, ಇಲ್ಲಿ ವಿವರಿಸುತ್ತೇನೆ.

ನಾವು ಕೇಳಿದ ಆಲ್ಬಮ್ ಅಮೆರಿಕದ ದಿ ಮ್ಯಾಗ್ನೆಟಿಕ್ ಫೀಲ್ಡ್ಸ್ ತಂಡದ '69 ಲವ್ ಸಾಂಗ್ಸ್'. ಮರ್ಜ್ ರೆಕಾರ್ಡ್ಸ್ ಎಂಬ ಸಣ್ಣ, ಸ್ವತಂತ್ರ ಸಂಸ್ಥೆ ಇದನ್ನು 1999ರ ಸೆಪ್ಟೆಂಬರಿನಲ್ಲಿ ಹೊರತಂದಿತು. ಮೂರು ಸಿ.ಡಿ.ಗಳು, ಒಂದೊಂದರಲ್ಲಿ 23 ಹಾಡುಗಳು, ಒಟ್ಟು ಅವಧಿ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಎಲ್ಲ ಹಾಡುಗಳನ್ನೂ ಬರೆದವರು ಸ್ಟೀಫಿನ್ ಮೆರಿಟ್. ಅವರು ಮೊದಲು 100 ಪ್ರೇಮಗೀತೆಗಳನ್ನು ಬರೆಯಲು ಹೊರಟು, ಕೊನೆಗೆ 69ಕ್ಕೆ ನಿಲ್ಲಿಸಿದರು. ಆ ಸಂಖ್ಯೆಯಲ್ಲೇ ಒಂದು ಪೋಲಿ ಶ್ಲೇಷೆಯಿದೆ. ದೊಡ್ಡವರಿಗೆ ಅದು ತಾನಾಗಿ ತಿಳಿಯುತ್ತದೆ, ಮಕ್ಕಳಿಗೆ ವಿವರಿಸುವ ಅಗತ್ಯವಿಲ್ಲ. ಇದು ಪ್ರೇಮದ ಕುರಿತಾದ ಆಲ್ಬಮ್ ಅಲ್ಲ, ಪ್ರೇಮಗೀತೆಗಳ ಕುರಿತಾದ ಆಲ್ಬಮ್ ಎಂಬ ಅರ್ಥದ ಮಾತನ್ನು ಮೆರಿಟ್ ಅವರೇ ಆಡಿದ್ದಾರೆ. ಕೇಳಿಸುವವರು ಮೊಟ್ಟಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದುದು ಇದನ್ನೇ. ಹಾಡುಗಾರನ ಸ್ವಂತ ವಿರಹ ಯಾವುದು ಎಂದು ಹುಡುಕುತ್ತ ಕೂತರೆ ಈ ಹಾಡುಗಳು ಕೈಗೆ ಸಿಗುವುದಿಲ್ಲ. ಒಂದೊಂದು ಹಾಡಿನಲ್ಲೂ ಒಬ್ಬೊಬ್ಬ ಪಾತ್ರಧಾರಿ ಬಂದು ತನ್ನ ಪಕ್ಷವನ್ನು ವಾದಿಸಿ ಹೋಗುತ್ತಾನೆ ಎಂದುಕೊಂಡರೆ ಎಲ್ಲವೂ ಸಲೀಸಾಗುತ್ತದೆ.

ಮೊದಲ ಸಲ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ, ಏಕೆಂದರೆ ಉತ್ಸಾಹ ಹೆಚ್ಚಿದವರೆಲ್ಲ ಮಾಡುವುದು ಅದೇ ತಪ್ಪನ್ನು. ಮೊದಲ ಸಿ.ಡಿ.ಯ 23 ಹಾಡುಗಳನ್ನೂ ಒಂದರ ಹಿಂದೆ ಒಂದರಂತೆ ಹಾಕಿದೆ. ಪ್ರತಿ ಹಾಡಿಗೆ ಮುಂಚೆ ಅದರ ಸ್ವಾರಸ್ಯವನ್ನೆಲ್ಲ ಬಿಡಿಸಿ ಹೇಳಿದೆ. ಎಂಟನೆಯ ಹಾಡಿನ ಹೊತ್ತಿಗೆ ಚಾವಡಿಯ ಮಾತು ಅಡಿಕೆಯ ಧಾರಣೆಯ ಕಡೆಗೆ ಹೊರಳಿತ್ತು. ಹಾಡುಗಳಲ್ಲಿ ಕೊರತೆಯಿರಲಿಲ್ಲ. ನಗೆಯ ಗುಟ್ಟನ್ನು ಮೊದಲೇ ಹೇಳಿಬಿಟ್ಟರೆ ಕೇಳುವವರ ಪಾಲಿಗೆ ಉಳಿಯುವುದು ಬರೀ ತಲೆಯಾಡಿಸುವ ಕೆಲಸ ಎಂಬುದು ನನಗೆ ಹೊಳೆದಿರಲಿಲ್ಲ, ಅಷ್ಟೆ.

ಹೊಳೆಯಬೇಕಿತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯೂ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಶೇಣಿಯೂ ಇರುವ ನಾಡು ನಮ್ಮದು. ಮಾತನ್ನೇ ಆಟವಾಗಿಸಿದ ತಾಳಮದ್ದಳೆಯನ್ನು ಬೆಳಗಿನ ತನಕ ಕೂತು ಕೇಳಿದ ಹಿರಿಯರು ಇಲ್ಲಿ ಮನೆಮನೆಯಲ್ಲಿದ್ದಾರೆ. ತಾಳಮದ್ದಳೆಯಲ್ಲಿ ಭಾಗವತರು ಮೊದಲು ಪದ ಹೇಳುತ್ತಾರೆ, ಆಮೇಲೆ ಅರ್ಥಧಾರಿ ಅದರ ಅರ್ಥವನ್ನು ಬೆಳೆಸುತ್ತಾನೆ. ಪದ ಕಿವಿಗೆ ಬಿದ್ದಾಗ ಅರ್ಧ ತಿಳಿದು ಅರ್ಧ ತಿಳಿಯದೆ ಉಳಿಯುವ ಭಾಗವೇ ಅರ್ಥಕ್ಕಾಗಿ ನಮ್ಮನ್ನು ಕಾಯಿಸುತ್ತದೆ. ಎರಡನೆಯ ಸಲ ಆಲ್ಬಮ್ ಹಾಕುವಾಗ ನಾನು ಇದೇ ಕ್ರಮವನ್ನು ಹಿಡಿದೆ. ಒಂದು ಹಾಡನ್ನು ಒಂದೇ ಒಂದು ವಾಕ್ಯದ ಪೀಠಿಕೆಯೊಂದಿಗೆ ಹಾಕುವುದು. ಮುಗಿದ ಬಳಿಕ ಯಾರಿಗೆ ಏನು ಸಿಕ್ಕಿತೆಂದು ಕೇಳಿ, ಸಿಗದೆ ಉಳಿದ ಒಂದೆರಡು ಮಾತುಗಳನ್ನು ಮಾತ್ರ ಬಿಡಿಸುವುದು. ಬಳಿಕ ಅದೇ ಹಾಡನ್ನು ಇನ್ನೊಮ್ಮೆ ಹಾಕುವುದು. ಈ ಹಾಡುಗಳು ಸರಾಸರಿ ಎರಡೂವರೆ ನಿಮಿಷದವು, ಕೆಲವು ಒಂದು ನಿಮಿಷವನ್ನೂ ತುಂಬುವುದಿಲ್ಲ. ಆದ್ದರಿಂದ ಎರಡು ಸಲ ಕೇಳುವುದು ಯಾರಿಗೂ ಹೊರೆಯಾಗುವುದಿಲ್ಲ. ನಗು ಬರುವುದು ಹೆಚ್ಚಾಗಿ ಎರಡನೆಯ ಸಲವೇ, ಅದೂ ಎಲ್ಲರಿಗೂ ಒಟ್ಟಿಗೆ.

ಪೀಠಿಕೆಯ ಆ ಒಂದು ವಾಕ್ಯದಲ್ಲಿ ಏನಿರಬೇಕು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಈ ಆಲ್ಬಮಿನಲ್ಲಿ ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಫರ್ಡಿನಾಂಡ್ ದ ಸೊಸ್ಯೂರನ ಹೆಸರಿನಲ್ಲೇ ಒಂದು ಹಾಡಿದೆ. 1913ರಲ್ಲಿ ತೀರಿಕೊಂಡ ಈ ವಿದ್ವಾಂಸ ಪ್ರೇಮಗೀತೆಯೊಳಗೆ ಬಂದದ್ದೇ ಒಂದು ವಿನೋದ. ಆದರೆ ಆತ ಯಾರೆಂದು ತಿಳಿಯದವರಿಗೆ ಆ ವಿನೋದ ದಕ್ಕದು. ಆತನ ಸಿದ್ಧಾಂತವನ್ನೆಲ್ಲ ಹೇಳಹೊರಟರೆ ಚಾವಡಿ ತರಗತಿಯಾಗುತ್ತದೆ. ಕಾಸರಗೋಡಿನವರಿಗೆ ಇದನ್ನು ಹೇಳುವುದು ಬಹಳ ಸುಲಭ. ಹಿತ್ತಿಲಲ್ಲಿರುವ ಒಂದೇ ಹಣ್ಣನ್ನು ನಾವು ಹಲಸು ಎನ್ನುತ್ತೇವೆ, ತುಳುವಿನವರು ಪೆಲಕಾಯಿ ಎನ್ನುತ್ತಾರೆ, ಮಲಯಾಳದವರು ಚಕ್ಕ ಎನ್ನುತ್ತಾರೆ, ಕೊಂಕಣಿಯವರು ಪೊಣಸು ಎನ್ನುತ್ತಾರೆ. ಹಣ್ಣಿಗೂ ಹೆಸರಿಗೂ ಹುಟ್ಟಿನ ನಂಟಿಲ್ಲ, ಆಡುವವರ ಒಪ್ಪಂದದ ನಂಟು ಮಾತ್ರ ಇದೆ ಎಂದು ವಿವರಿಸಿದವನೇ ಈ ಸೊಸ್ಯೂರ್. ಇಷ್ಟು ಸಾಕು. ಹಾಡಿನಲ್ಲಿ ಆ ಪಂಡಿತ ಪ್ರೇಮವೆಂದರೆ ಏನೆಂದು ತನಗೇ ಖಚಿತವಿಲ್ಲ ಎಂದು ಕೈಚೆಲ್ಲುವಾಗ, ಪ್ರೇಮಗೀತೆಗಳನ್ನೇ ನಂಬಿ ಬದುಕುವ ಹಾಡುಗಾರನಿಗೆ ಸಿಟ್ಟು ಏರುವುದನ್ನು ಕೇಳುಗರು ತಾವಾಗಿಯೇ ಹಿಡಿಯುತ್ತಾರೆ.

ಇದೇ ಹಾಡು ಪ್ರಾಸದ ಪಾಠಕ್ಕೂ ಒದಗುತ್ತದೆ, ಮತ್ತು ಈ ಆಲ್ಬಮಿನ ಜೀವ ಇರುವುದು ಪ್ರಾಸದಲ್ಲಿಯೇ ಎಂದು ನಾನು ನಂಬಿದ್ದೇನೆ. ಕನ್ನಡದ ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಬರುತ್ತದೆ, ಇಂಗ್ಲಿಷಿನಲ್ಲಿ ಸಾಲಿನ ತುದಿಯಲ್ಲಿ ಬರುತ್ತದೆ. ಹಾಗಾಗಿ ನಮ್ಮ ಹಿರಿಯರ ಕಿವಿ ಸಾಲಿನ ಆರಂಭದಲ್ಲಿ ಚುರುಕಾಗಿದ್ದು ತುದಿಯಲ್ಲಿ ಸಡಿಲಗೊಳ್ಳುವುದುಂಟು. ಇಲ್ಲಿ ಅದನ್ನು ತಿರುಗುಮುರುಗು ಮಾಡಿಕೊಳ್ಳಬೇಕೆಂದು ಮೊದಲೇ ಹೇಳಿಡುವುದು ಒಳ್ಳೆಯದು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಕನ್ನಡ ಕವಿತೆಯಲ್ಲಿ ಪ್ರಾಸದ ನಿಯಮವನ್ನು ತೊರೆದದ್ದು ನಮಗೆಲ್ಲ ಗೊತ್ತು. ಕಡ್ಡಾಯವಾದಾಗ ಪ್ರಾಸ ಹೇಳಬೇಕಾದ ಮಾತನ್ನು ಕಟ್ಟಿಹಾಕುತ್ತದೆ. ಆದರೆ ಮೆರಿಟ್ ಅವರಂಥವರು ಪ್ರಾಸವನ್ನು ತಾವಾಗಿಯೇ ಆಯ್ದುಕೊಂಡು, ಕೇಳುಗ ಊಹಿಸಲಾರದ ಪದವೊಂದನ್ನು ತುದಿಗೆ ತಂದಿಟ್ಟು ಬೆರಗಾಗಿಸುತ್ತಾರೆ. ಸೊಸ್ಯೂರನ ಹೆಸರಿಗೆ ಪ್ರಾಸವಾಗಿ ಬುಲ್ಡೋಜರ್ ಬರುತ್ತದೆಂದು ಯಾರು ತಾನೆ ಊಹಿಸಿಯಾರು? ಇಂಥ ಕಡೆ ನಾವೊಂದು ಆಟ ಮಾಡುತ್ತೇವೆ. ಎರಡನೆಯ ಸಲ ಹಾಡು ಹಾಕುವಾಗ ಪ್ರಾಸಪದ ಬರುವುದಕ್ಕೆ ಸರಿಯಾಗಿ ಮುಂಚೆ ನಿಲ್ಲಿಸಿ, ಆ ಪದ ಯಾವುದಿತ್ತೆಂದು ಕೇಳುತ್ತೇವೆ. ಕಾಲೇಜಿನ ಮಕ್ಕಳು ಮತ್ತು ಯಕ್ಷಗಾನದ ಪದಗಳನ್ನು ಬಾಯಿಪಾಠ ಮಾಡಿದ ಹಿರಿಯರು ಇದರಲ್ಲಿ ಸಮಸಮ ನಿಲ್ಲುತ್ತಾರೆ. ಇಂಗ್ಲಿಷಿನ ಉಚ್ಚಾರ ಸರಿಯಾಗಿ ಕೇಳಿಸದವರಿಗಾಗಿ, ಸಾಲುಗಳ ಕೊನೆಯ ಪದಗಳನ್ನು ಮಾತ್ರ ಕನ್ನಡ ಲಿಪಿಯಲ್ಲಿ ಬರೆದ ಒಂದು ಹಾಳೆಯನ್ನು ಮೊದಲೇ ತಯಾರಿಸಿಟ್ಟುಕೊಳ್ಳಿ. ಇಡೀ ಸಾಹಿತ್ಯವನ್ನು ಅಚ್ಚು ಹಾಕಿ ಹಂಚಿದರೆ ಎಲ್ಲರೂ ಹಾಳೆಯನ್ನೇ ಓದುತ್ತ ಕೂರುತ್ತಾರೆ, ಹಾಡು ಹಿನ್ನೆಲೆಗೆ ಸರಿಯುತ್ತದೆ.

ಎರಡನೆಯ ಬಗೆಯ ಚಮತ್ಕಾರಕ್ಕೆ ನಮ್ಮಲ್ಲಿ ಸಿದ್ಧವಾದ ಹೆಸರೇ ಇದೆ: ವ್ಯಾಜಸ್ತುತಿ, ಅಂದರೆ ಬೈಯುವ ನೆಪದಲ್ಲಿ ಹೊಗಳುವುದು. 'ದಿ ಬುಕ್ ಆಫ್ ಲವ್' ಎಂಬ ಹಾಡು ಪ್ರೇಮದ ಪುಸ್ತಕ ಬಹಳ ಉದ್ದ, ಬಹಳ ನೀರಸ ಎಂಬ ದೂರಿನಿಂದ ಹೊರಟು, ಅದನ್ನು ಪ್ರಿಯವ್ಯಕ್ತಿ ಓದಿ ಹೇಳುವಾಗ ಮಾತ್ರ ಎಲ್ಲವೂ ಇಷ್ಟ ಎಂಬಲ್ಲಿಗೆ ಬಂದು ಸೇರುತ್ತದೆ. ನಾನು ಇದಕ್ಕೆ ಯಾವ ಪೀಠಿಕೆಯನ್ನೂ ಹೇಳದೆ ಹಾಕಿದ್ದೆ. ಹಾಡು ಅರ್ಧ ಆಗುವಷ್ಟರಲ್ಲಿ ನೆರೆಮನೆಯ ಅಜ್ಜ ಒಬ್ಬರು, "ಇವ ಬೈಯುವುದಾ, ಹೊಗಳುವುದಾ?" ಎಂದು ಕೇಳಿದರು. ದಾಸರ ನಿಂದಾಸ್ತುತಿಗಳನ್ನು ಭಜನೆಯಲ್ಲಿ ಹಾಡಿ ಬೆಳೆದ ಅವರು ಇಂಗ್ಲಿಷನ್ನು ಪೂರ್ತಿಯಾಗಿ ಬಲ್ಲವರಲ್ಲ, ಆದರೂ ಅವರು ಕೇಳಿದ ಪ್ರಶ್ನೆಯೇ ಆ ಹಾಡಿನ ನಡುಮರ್ಮ. ಅಂದಿನಿಂದ ಮೊದಲ ಸಂಜೆಗೆ ಇದೇ ಹಾಡನ್ನು ಮುಂದಿಡುತ್ತೇನೆ. ಸಾಧ್ಯವಾದರೆ ಮೆರಿಟ್ ಹಾಡಿದ ಮೂಲವನ್ನು ಕೇಳಿಸಿದ ಬಳಿಕ, ಇಂಗ್ಲೆಂಡಿನ ಗಾಯಕ ಪೀಟರ್ ಗೇಬ್ರಿಯಲ್ ವಾದ್ಯವೃಂದದೊಂದಿಗೆ ಹಾಡಿ ತಮ್ಮ 2010ರ ಆಲ್ಬಮಿನಲ್ಲಿ ಸೇರಿಸಿದ ರೂಪವನ್ನೂ ಕೇಳಿಸಿ. ಪದಗಳು ಅವೇ ಇದ್ದರೂ ಗೇಬ್ರಿಯಲ್ ಅವರಲ್ಲಿ ಅದು ಗಂಭೀರ ಪ್ರಾರ್ಥನೆಯಂತಾಗುತ್ತದೆ, ಮೆರಿಟ್ ಅವರಲ್ಲಿ ಕಣ್ಣಂಚಿನ ನಗು ಉಳಿದಿರುತ್ತದೆ. ನನಗೆ ಮೂಲವೇ ಹೆಚ್ಚು ಪ್ರಿಯ. ನಮ್ಮ ಕೂಟದ ಅರ್ಧ ಜನ ಇದನ್ನು ಒಪ್ಪುವುದಿಲ್ಲ, ಆ ವಾದ ಇನ್ನೂ ಮುಗಿದಿಲ್ಲ.

ಮೆರಿಟ್ ಅವರ ದನಿಯ ಬಗ್ಗೆ ಒಂದು ಎಚ್ಚರಿಕೆ ಬೇಕು. ಅದು ತುಂಬ ಕೆಳಸ್ಥಾಯಿಯ, ಏರಿಳಿತ ಕಡಿಮೆಯಿರುವ ದನಿ; ಹೊಸಬರು ಅದನ್ನು ದುಃಖವೆಂದು ತಿಳಿಯುತ್ತಾರೆ. ಪಳಗಿದ ಅರ್ಥಧಾರಿ ಸಭೆಯನ್ನೆಲ್ಲ ನಗಿಸುವಾಗಲೂ ತಾನು ನಗುವುದಿಲ್ಲವಷ್ಟೆ, ಇದೂ ಹಾಗೆಯೇ ಎಂದು ಹೇಳಿದರೆ ಸಾಕು. ಆಲ್ಬಮಿನಲ್ಲಿ ಅವರಲ್ಲದೆ ಕ್ಲಾಡಿಯಾ ಗಾನ್ಸನ್, ಶರ್ಲಿ ಸಿಮ್ಸ್, ಎಲ್.ಡಿ. ಬೆಗ್ಟಲ್, ಡಡ್ಲಿ ಕ್ಲೂಟ್ ಎಂಬ ನಾಲ್ವರು ಮುಖ್ಯ ಗಾಯಕರಾಗಿ ಹಾಡಿದ್ದಾರೆ. ಒಂದು ಸಂಜೆಯ ಏಳೆಂಟು ಹಾಡುಗಳನ್ನು ಆರಿಸುವಾಗ ಕಡಿಮೆಯೆಂದರೆ ಮೂರು ದನಿಗಳು ಬರುವಂತೆ ನೋಡಿಕೊಳ್ಳಿ, ಇಲ್ಲವಾದರೆ ಬೇಸರ ಬೇಗ ಬರುತ್ತದೆ. ಗಂಡು ಹೆಣ್ಣಿಗೆ, ಗಂಡು ಗಂಡಿಗೆ, ಹೆಣ್ಣು ಹೆಣ್ಣಿಗೆ ಹಾಡುವ ಪ್ರೇಮಗಳೆಲ್ಲ ಇಲ್ಲಿ ಸಮಾನವಾಗಿ ಇವೆ. ಅದಕ್ಕೆ ಪ್ರತ್ಯೇಕ ಮುನ್ನುಡಿ ಹೇಳುವುದು ಅನಗತ್ಯ, ಕೇಳುಗರು ತಾವಾಗಿ ಗಮನಿಸುತ್ತಾರೆ. ಮಕ್ಕಳು ಇರುವ ಕೂಟವಾದರೆ, ಕೆಲವು ಹಾಡುಗಳ ಮಾತು ನೇರಾನೇರವಾಗಿರುವುದರಿಂದ, ಆಯ್ದ ಹಾಡುಗಳನ್ನು ನೀವೊಬ್ಬರೇ ಹಿಂದಿನ ದಿನ ಪೂರ್ತಿ ಕೇಳಿಡಿ.

ಹೊತ್ತು ಮತ್ತು ಜಾಗದ ವಿಚಾರ. ಮಳೆ ಜೋರಾಗಿರುವ ಆಟಿ ತಿಂಗಳ ಸಂಜೆಗಳು ಇದಕ್ಕೆ ಹೇಳಿಮಾಡಿಸಿದಂತಿವೆ, ಏಕೆಂದರೆ ತೋಟದ ಕೆಲಸ ಕಡಿಮೆ. ಆದರೆ ನಡುವೆ ಎರಡು ದಿನ ಬಿಸಿಲು ಬಂದರೆ ಎಲ್ಲರೂ ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯಲ್ಲಿರುತ್ತಾರೆ, ಅಂದು ಯಾರನ್ನೂ ಕರೆಯಬೇಡಿ. ತಗಡಿನ ಮಾಡಿನ ಕೆಳಗೆ ಮಳೆಯ ಸದ್ದು ಮೆರಿಟ್ ಅವರ ತಗ್ಗುದನಿಯನ್ನು ಪೂರ್ತಿಯಾಗಿ ನುಂಗುತ್ತದೆ. ಹಂಚಿನ ಮಾಡಿನ ಒಳಕೋಣೆ ಅಥವಾ ತಾರಸಿ ಮನೆ ಒಳ್ಳೆಯದು. ಮೊಬೈಲನ್ನು ಚೆಂಬಿನೊಳಗೆ ಇಟ್ಟರೆ ಸದ್ದು ದೊಡ್ಡದಾಗುತ್ತದೆ, ಪದಗಳು ಮಾತ್ರ ಕಲಸಿಹೋಗುತ್ತವೆ. ಪದವೇ ಮುಖ್ಯವಾದ ಇಂಥ ಹಾಡುಗಳಿಗೆ ಒಂದು ಸಾಧಾರಣ ಸ್ಪೀಕರನ್ನು ಕೂತವರ ಕಿವಿಯ ಎತ್ತರಕ್ಕೆ ಇಡುವುದು ಮೇಲು. ಕರೆಂಟು ಕೈಕೊಡುವ ಕಾಲವಾದ್ದರಿಂದ ಅದು ಬ್ಯಾಟರಿಯದ್ದಾಗಿರಲಿ, ಹಾಡುಗಳನ್ನು ಮೊದಲೇ ಇಳಿಸಿಟ್ಟುಕೊಂಡಿರಿ. ಹಲಸಿನ ಹಪ್ಪಳವನ್ನು ಪದದ ಹೊತ್ತಿಗೆ ತರಬಾರದು, ಅದರ ಸದ್ದಿನಲ್ಲಿ ಪ್ರಾಸಗಳು ತಪ್ಪಿಹೋಗುತ್ತವೆ. ಅರ್ಥದ ಹೊತ್ತಿಗೆ ಚಹಾದೊಂದಿಗೆ ಬರಲಿ.

ಹಾಡುಗಳ ನಡುವೆ ನಮ್ಮದೊಂದು ಹಾಡು ಇರಲಿ ಎಂದು ಸೂಚಿಸಿದವರು ನಮ್ಮ ಅತ್ತೆ, ಅದು ಬಹಳ ಒಳ್ಳೆಯ ಸೂಚನೆಯಾಗಿತ್ತು. 1942ರಲ್ಲಿ ಪ್ರಕಟವಾದ 'ಮೈಸೂರು ಮಲ್ಲಿಗೆ'ಯ ಗಂಡಹೆಂಡಿರ ಸರಸದ ಕವಿತೆಗಳು ಹಾಡುಗಳಾಗಿ ನಮ್ಮೆಲ್ಲರ ನಾಲಿಗೆಯ ಮೇಲಿವೆ. ಅವುಗಳಲ್ಲಿ ಒಂದನ್ನು ಯಾರಾದರೂ ಹಾಡಿದ ಬಳಿಕ ಇಂಗ್ಲಿಷ್ ಹಾಡನ್ನು ಹಾಕಿದರೆ, ಪ್ರೇಮಿಗಳು ಪರಸ್ಪರ ಕೆಣಕುವುದು ಎರಡೂ ಕಡೆ ಒಂದೇ ತೆರನಾದದ್ದು ಎಂದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ನಾಟ್ಯಶಾಸ್ತ್ರವೂ ಹಾಸ್ಯ ಹುಟ್ಟುವುದು ಶೃಂಗಾರದಿಂದ ಎಂದೇ ಹೇಳಿದೆಯಲ್ಲವೇ.

ಸಂಜೆ ಮುಗಿದ ಮೇಲೆ ಇಡೀ ಆಲ್ಬಮನ್ನು ಎಲ್ಲರ ವಾಟ್ಸಾಪಿಗೆ ಕಳಿಸುವ ಆಸೆಯನ್ನು ತಡೆದುಕೊಳ್ಳಿ. 69 ಹಾಡುಗಳನ್ನು ಒಟ್ಟಿಗೆ ಪಡೆದವರು ಒಂದನ್ನೂ ಕೇಳುವುದಿಲ್ಲ. ಒಬ್ಬೊಬ್ಬರಿಗೆ ಅವರು ಆ ಸಂಜೆ ನಕ್ಕ ಹಾಡು ಒಂದನ್ನು, ಅವರು ಇನ್ನೂ ಕೇಳದ ಹಾಡು ಒಂದನ್ನು ಕಳಿಸಿದರೆ ಸಾಕು. ಅವರು ಯಾವಾಗ ನಕ್ಕರು ಎಂಬುದನ್ನು ಗಮನಿಸಿ ಚೀಟಿಯಲ್ಲಿ ಗುರುತು ಮಾಡಿಕೊಳ್ಳುವುದು ಕೇಳಿಸುವವರ ಕೆಲಸ. ನಾನು ಪ್ರಾಸಪದಗಳ ಹಾಳೆಯ ಹಿಂಬದಿಯನ್ನೇ ಇದಕ್ಕೆ ಬಳಸುತ್ತೇನೆ. ಮುಂದಿನ ಕೂಟದ ಮೊದಲ ಹಾಡನ್ನು ಅವರಲ್ಲೊಬ್ಬರು ಆರಿಸಲಿ, ಅದಕ್ಕೆ ಬೇಕಾದ ಒಂದು ವಾಕ್ಯದ ಪೀಠಿಕೆಯನ್ನೂ ಅವರೇ ಹೇಳಲಿ. ನಮ್ಮಲ್ಲಿ ಮುಂದಿನ ಸಲದ ಸರದಿ ಆ ನೆರೆಮನೆಯ ಅಜ್ಜನದು. ಅವರು ಮೂರು ಹಾಡುಗಳನ್ನು ಗುರುತಿಸಿಟ್ಟಿದ್ದಾರೆ, ಯಾವುದೆಂದು ಇನ್ನೂ ಹೇಳಿಲ್ಲ.