ಖಾಲಿ ಬಿಟ್ಟ ಪರದೆ: 2014ರ ಕ್ರಿಸ್‌ಮಸ್ಸಿಗೆ ನಾನು ‘ದಿ ಇಂಟರ್‌ವ್ಯೂ’ ಹಾಕಿದ್ದು ಹೀಗೆ

ಅಮೆರಿಕದಲ್ಲಿ ಕನ್ನಡ ಶೋ ಮಾಡಿಸುವ ಗೆಳೆಯರು ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: “ಸಿನಿಮಾ ಮೊಬೈಲಿಗೇ ಬಂದುಬಿಟ್ಟಿದೆ, ಥಿಯೇಟರಿಗೆ ಇನ್ಯಾರು ಬರ್ತಾರೆ ಗುರುವೇ?” ಬರ್ತಾರೆ. ಬರೋ ಹಾಗೆ ನಾನು ಮಾಡಿದ್ದೇನೆ. ಅದೂ ‘ನೋಡೋಕೆ ಹೋದ್ರೆ ಹುಷಾರ್’ ಅಂತ ಜಗತ್ತಿಗೆಲ್ಲ ಬೆದರಿಕೆ ಹಾಕಿಸಿಕೊಂಡ ಸಿನಿಮಾಕ್ಕೆ. ಸೋನಿ ಪಿಕ್ಚರ್ಸ್‌ನವರ ‘ದಿ ಇಂಟರ್‌ವ್ಯೂ’ ಅದು, ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್‌ರನ್ನು ಕೊಲ್ಲಲು ಹೊರಟವರ ಹಾಸ್ಯ. ಕೇಳಿದವರಿಗೆಲ್ಲ ಅದೇ ಕಥೆ ಹೇಳಿ ಹೇಳಿ ಸಾಕಾಯಿತು, ಒಂದು ಸಲ ಬರೆದೇ ಬಿಡೋಣ ಅಂತ ಕೂತೆ. ಲೆಕ್ಕದ ಪುಸ್ತಕ ಈಗ ನನ್ನ ಬಳಿ ಇಲ್ಲ. ನನ್ನ ಥಿಯೇಟರಿನ ಅಂಕಿಗಳೆಲ್ಲ ನೆನಪಿನಿಂದ, ಹತ್ತಿಪ್ಪತ್ತು ಆಚೀಚೆ ಆದರೆ ಜಗಳಕ್ಕೆ ಬರಬೇಡಿ.

ಆಗ ನಾನಿದ್ದದ್ದು ಓಹಾಯೋದ ಒಂದು ಕಾಲೇಜು ಊರಿನಲ್ಲಿ. ಅಲ್ಲೊಂದು ಹಳೇ ಥಿಯೇಟರ್, ಒಂದೇ ಪರದೆ, 288 ಸೀಟು. ಹಗಲು ನನ್ನದು ಬೇರೆ ನೌಕರಿ. ಸಂಜೆ ಮತ್ತು ವಾರಾಂತ್ಯ ಬುಕಿಂಗೂ ನಾನೇ, ಪ್ರೊಜೆಕ್ಷನ್ನೂ ನಾನೇ. ಹಿಂದಿನ ವರ್ಷವಷ್ಟೇ ಊರವರಿಂದ ಚಂದಾ ಎತ್ತಿ 65 ಸಾವಿರ ಡಾಲರಿನ ಡಿಜಿಟಲ್ ಪ್ರೊಜೆಕ್ಟರ್ ಹಾಕಿಸಿದ್ದೆವು. ಇಲ್ಲದಿದ್ದರೆ ಬಾಗಿಲು ಮುಚ್ಚಬೇಕಿತ್ತು. ಏಳು ಜನರ ಆಡಳಿತ ಮಂಡಳಿ ಇತ್ತು, ಅದರಲ್ಲಿ ಐದು ಜನಕ್ಕೆ ನನ್ನ ಬುಕಿಂಗ್ ಮೇಲೆ ಯಾವಾಗಲೂ ಅನುಮಾನ.

ಸೋನಿ ಪಿಕ್ಚರ್ಸ್ ಕಥೆ ನಿಮಗೆ ಗೊತ್ತೇ ಇದೆ. ನವೆಂಬರ್ 24ರಂದು ಅವರ ಕಂಪ್ಯೂಟರುಗಳಲ್ಲಿ ಕೆಂಪು ಅಸ್ಥಿಪಂಜರದ ಚಿತ್ರ ಬಂತು. ಡಿಸ್ಕುಗಳನ್ನು ಅಳಿಸಿಹಾಕುವ ವೈರಸ್ಸು ಅದು. ‘ಗಾರ್ಡಿಯನ್ಸ್ ಆಫ್ ಪೀಸ್’ ಅಂತ ಹೆಸರು ಹೇಳಿಕೊಂಡವರು ಈಮೇಲು, ಸಂಬಳದ ಪಟ್ಟಿ, ಆಗಿನ್ನೂ ಬಿಡುಗಡೆಯಾಗಿರದ ‘ಆನಿ’ಯಂಥ ಸಿನಿಮಾ, ಎಲ್ಲವನ್ನೂ ಬಯಲಿಗೆ ಸುರಿದರು. ಅಲ್ಲಿನ ನೌಕರರು ಪೆನ್ನು ಕಾಗದಕ್ಕೆ, ಹಳೇ ಬ್ಲ್ಯಾಕ್‌ಬೆರಿಗೆ ಇಳಿದರು. ಡಿಸೆಂಬರ್ 16ರಂದು ಥಿಯೇಟರುಗಳಿಗೇ ಬೆದರಿಕೆ ಬಂತು, 2001ರ ಸೆಪ್ಟೆಂಬರ್ 11 ನೆನಪಿರಲಿ ಅಂತ. ದೊಡ್ಡ ದೊಡ್ಡ ಥಿಯೇಟರ್ ಚೈನುಗಳು ಒಂದಾದ ಮೇಲೊಂದು ಹಿಂದೆ ಸರಿದವು. 17ಕ್ಕೆ ಸೋನಿ 25ರ ಬಿಡುಗಡೆಯನ್ನೇ ರದ್ದು ಮಾಡಿತು. 19ರಂದು ಎಫ್‌ಬಿಐ ಉತ್ತರ ಕೊರಿಯಾದತ್ತ ಬೆರಳು ತೋರಿಸಿತು, ಅದೇ ದಿನ ಅಧ್ಯಕ್ಷ ಒಬಾಮಾ ‘ಸೋನಿ ತಪ್ಪು ಮಾಡಿತು’ ಅಂದರು.

ಚೈನಿನವರನ್ನು ಹೇಡಿಗಳು ಅಂತ ಎಲ್ಲರೂ ಬೈದರು. ನಾನು ಬೈಯಲಿಲ್ಲ. ಎರಡು ವರ್ಷದ ಹಿಂದೆ ಕೊಲೊರಾಡೋದ ಅರೋರಾದಲ್ಲಿ ಥಿಯೇಟರಿನೊಳಗೇ 12 ಜನ ಗುಂಡಿಗೆ ಸತ್ತಿದ್ದರು. ಒಂದು ಮಾಲಿನಲ್ಲಿ ಹದಿನಾರು ಪರದೆ ಇಟ್ಟುಕೊಂಡವನಿಗೆ ಒಂದು ಪರದೆಯ ಹೆದರಿಕೆ ಉಳಿದ ಹದಿನೈದರ ವ್ಯಾಪಾರವನ್ನೂ ತಿನ್ನುತ್ತದೆ. ನನ್ನ ಹತ್ತಿರ ಇದ್ದದ್ದೇ ಒಂದು.

ಮೊದಲು ಮಾಡಿದ ಕೆಲಸ ಇದು: 17ರ ರಾತ್ರಿ ರದ್ದಾದ ಸುದ್ದಿ ಬಂದಾಗ ಅದಕ್ಕಿಟ್ಟಿದ್ದ 25ರ ಸ್ಲಾಟನ್ನು ಬೇರೆ ಸಿನಿಮಾಕ್ಕೆ ಕೊಡಲಿಲ್ಲ. ಖಾಲಿ ಬಿಟ್ಟೆ. ಹಾಸನದ ಕಡೆ ನಮ್ಮ ಚಿಕ್ಕಪ್ಪ ಟೂರಿಂಗ್ ಟಾಕೀಸ್ ನಡೆಸುತ್ತಿದ್ದರು. ರೀಲು ಡಬ್ಬಿ ಬಸ್ಸಿಗೆ ಬರದಿದ್ದರೂ ಸಂಜೆ ಆರಕ್ಕೆ ಪರದೆ ಕಟ್ಟಿ, ದೇವರ ಹಾಡು ಹಾಕಿ ಕೂರುತ್ತಿದ್ದರು. ಡಬ್ಬಿ ರಾತ್ರಿ ಎಂಟಕ್ಕೆ ಬಂದರೂ ಜನ ಅಲ್ಲೇ ಇರುತ್ತಿದ್ದರು. ಮಂಡಳಿಗೆ ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ನಗೆಪಾಟಲಾದೆ. ಖಜಾಂಚಿ ಲೆಕ್ಕ ತೆಗೆದರು: ಕ್ರಿಸ್‌ಮಸ್ ದಿನ ಯಾವುದಾದರೂ ಸಂಸಾರದ ಸಿನಿಮಾ ಹಾಕಿದರೆ ಮೂರು ಸಾವಿರ ಡಾಲರ್ ಖಚಿತ, ನೀನು ಖಾಲಿ ಕುರ್ಚಿಗೆ ಹೀಟರ್ ಹಾಕಿ ಕೂರ್ತೀಯಾ? 23ರ ಬೆಳಿಗ್ಗೆವರೆಗೆ ಅವಕಾಶ ಕೊಡಿ ಅಂತ ಗೋಗರೆದೆ. ನಾಲ್ಕು–ಮೂರರಲ್ಲಿ ಗೆದ್ದೆ.

ಆ ಐದು ದಿನ ನಾನು ಸುಮ್ಮನೆ ಕೂರಲಿಲ್ಲ. ಸುಮಾರು 250 ಸ್ವತಂತ್ರ ಥಿಯೇಟರುಗಳ ಪರವಾಗಿ ಆರ್ಟ್ ಹೌಸ್ ಕನ್ವರ್ಜೆನ್ಸ್‌ನವರು ಸೋನಿಗೆ ‘ನಾವು ಹಾಕ್ತೀವಿ, ಕೊಡಿ’ ಅಂತ ಪತ್ರ ಬರೆದಿದ್ದರು. ಪತ್ರ ಒಂದು ಕಡೆ, ನಾನು ಮಾಡಿದ ಒಂದು ಫೋನ್ ಇನ್ನೊಂದು ಕಡೆ. ಯಾರಿಗೆ ಮಾಡಿದೆ, ಏನು ಹೇಳಿದೆ ಅಂತ ಬರೆಯೋಲ್ಲ. ಇವತ್ತಿಗೂ ಆ ದಾರಿ ನನಗೆ ಕೆಲಸಕ್ಕೆ ಬರುತ್ತದೆ. 23ಕ್ಕೆ ಸೋನಿ ಮನಸ್ಸು ಬದಲಾಯಿಸಿತು. 331 ಥಿಯೇಟರುಗಳಲ್ಲಿ ನಮ್ಮದೂ ಒಂದು.

ಖುಷಿ ಒಂದು ರಾತ್ರಿ ಇತ್ತು. 24ರ ಮಧ್ಯಾಹ್ನ ಅದೇ ಸಿನಿಮಾ ಯೂಟ್ಯೂಬು, ಗೂಗಲ್ ಪ್ಲೇ, ಎಕ್ಸ್‌ಬಾಕ್ಸಿಗೆ ಬಂತು. ಬಾಡಿಗೆ 5.99 ಡಾಲರ್. ನಮ್ಮ ಟಿಕೆಟ್ 10. ಖಜಾಂಚಿಯ ಈಮೇಲಿನಲ್ಲಿ ಒಂದೇ ಸಾಲು: “ಈಗೇನು?” ನನ್ನ ಹೆಂಡತಿ ಅಷ್ಟೂ ಬರೆಯಲಿಲ್ಲ. “ರೀ, ಇಡೀ ಮನೆಮಂದಿ ಆರು ಡಾಲರಿಗೆ ಸೋಫಾದ ಮೇಲೆ ನೋಡೋದನ್ನ ಬಿಟ್ಟು, ಬಾಂಬಿನ ಹೆದರಿಕೆ ಇಟ್ಕೊಂಡು ನಿಮ್ಮ ಮುರುಕು ಕುರ್ಚಿಗೆ ಯಾರು ಬರ್ತಾರೆ?” ಅಂದಳು. ಊರಿಂದ ಅಮ್ಮನ ಫೋನು: “ಟೀವೀಲಿ ತೋರಿಸ್ತಿದ್ದಾರೆ ಕಣೋ, ಆ ಸಿನಿಮಾನೇ ಹಾಕ್ಬೇಕಾ? ಬೇರೆ ಸಿನಿಮಾ ಇಲ್ವಾ?”

ಡಿಸಿಪಿ ಡ್ರೈವ್, ಅಂದರೆ ಸಿನಿಮಾ ತುಂಬಿದ ಡಿಸ್ಕು, 24ರ ಸಂಜೆ ನಾಲ್ಕಕ್ಕೆ ಕೊರಿಯರಿನಲ್ಲಿ ಬಂತು. ಅದನ್ನು ಸರ್ವರಿಗೆ ತುಂಬಿಕೊಳ್ಳುವ ಇಂಜೆಸ್ಟ್ ಸಲೀಸಾಗಿ ಆಯಿತು. ಕೆಡಿಎಂ, ಅಂದರೆ ಸಿನಿಮಾದ ಬೀಗ ತೆಗೆಯುವ ಡಿಜಿಟಲ್ ಕೀಲಿಯ ವಿಷಯದಲ್ಲಿ ಮಾತ್ರ ಜೀವ ಬಾಯಿಗೆ ಬಂತು. ಅದರ ಅವಧಿ ಶುರುವಾಗುವುದೇ 24ರ ಮಧ್ಯರಾತ್ರಿ ದಾಟಿ 25 ಆದ ಮೇಲೆ. ಅಂದರೆ ಹಿಂದಿನ ದಿನ ಓಡಿಸಿ ನೋಡುವ ಹಾಗಿಲ್ಲ. ರಾತ್ರಿ ಹನ್ನೆರಡೂವರೆಗೆ ಒಬ್ಬನೇ ಹೋಗಿ ಪ್ಲೇ ಒತ್ತಿದರೆ ಕಪ್ಪು ಪರದೆ. ಸೆಪ್ಟೆಂಬರಿನಲ್ಲಿ ಆ ಬೀಗ ಬಿಚ್ಚುವ ಮೀಡಿಯಾ ಬ್ಲಾಕ್ ಕೆಟ್ಟು ಬದಲಾಯಿಸಿದ್ದೆವು, ಕೀಲಿ ಹಳೇ ಬ್ಲಾಕಿನ ಸರ್ಟಿಫಿಕೇಟಿಗೆ ಬಂದಿತ್ತು. ಅಲ್ಲಿಯವರೆಗೆ ಬಂದ ಸಿನಿಮಾಗಳಿಗೆಲ್ಲ ನಾನೇ ಒಂದೊಂದಾಗಿ ಹೊಸ ನಂಬರ್ ಬರೆದು ತರಿಸಿಕೊಳ್ಳುತ್ತಿದ್ದೆ, ಕೀಲಿ ಕಳಿಸುವವರ ಪಟ್ಟಿಯಲ್ಲಿ ತಿದ್ದಿಸುವುದನ್ನು ಮಾತ್ರ ನಾಳೆ ನಾಳೆ ಅಂತ ತಳ್ಳಿದ್ದೆ. ತಪ್ಪು ಪೂರಾ ನನ್ನದೇ. ಕ್ರಿಸ್‌ಮಸ್ ರಾತ್ರಿ ಹೆಲ್ಪ್‌ಲೈನಿನಲ್ಲಿ ಒಂದೂ ಮುಕ್ಕಾಲು ಗಂಟೆ ಪಿಟೀಲು ಸಂಗೀತ ಕೇಳಿದೆ. ಹೊಸ ಕೀಲಿ ಬರುವಾಗ ಬೆಳಗಿನ ಐದು.

ಅಷ್ಟರೊಳಗೆ ಇನ್ನೊಂದು ಈಮೇಲೂ ಬಂದಿತ್ತು, ‘ಪರಿಷ್ಕೃತ ಕೆಡಿಎಂ’ ಅಂತ, ಜಿಪ್ ಫೈಲಿನ ಜೊತೆ. ಕಳಿಸಿದವರ ವಿಳಾಸದಲ್ಲಿ ಒಂದಕ್ಷರ ಹೆಚ್ಚು. ನಿದ್ದೆಗಣ್ಣಿನಲ್ಲಿ ಒತ್ತಿಯೇ ಬಿಡುತ್ತಿದ್ದೆ. ಉತ್ತರ ಕೊರಿಯಾದವರು ನಮ್ಮೂರಿನ ತನಕ ಬಂದಿದ್ದರು ಅಂತ ಹೇಳಿಕೊಳ್ಳುವ ಆಸೆ ಏನೋ ಇದೆ, ಆದರೆ ಯಾರೋ ಪುಂಡರ ಕೆಲಸವೇ ಇರಬೇಕು. ನಾನು ಬಚಾವಾದದ್ದು ಆ ವಾರ ಮಾಡಿಕೊಂಡ ಒಂದು ಕಟ್ಟುಪಾಡಿನಿಂದ. ಈಮೇಲ್ ತೆರೆಯುವುದಕ್ಕೆ 120 ಡಾಲರಿನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದೆ. ಪ್ರೊಜೆಕ್ಷನ್ ಸರ್ವರಿನ ನೆಟ್‌ವರ್ಕ್ ವೈರನ್ನು ಕಿತ್ತು ಗೋಡೆಗೆ ಟೇಪ್ ಹಚ್ಚಿದ್ದೆ. ಕೀಲಿ ಬಂದಿದೆ ಅಂತ ಫೋನಿನಲ್ಲಿ ಖಾತ್ರಿ ಆಗದೆ ಪೆನ್‌ಡ್ರೈವ್ ಮುಟ್ಟುವಂತಿಲ್ಲ. ಟಿಕೆಟ್ಟನ್ನೂ ಕಂಪ್ಯೂಟರಿನಿಂದ ಬಿಡಿಸಿ, ಜಾತ್ರೆಯಲ್ಲಿ ಹರಿದು ಕೊಡುವಂಥ ಕಾಗದದ ರೋಲಿಗೆ ತಂದಿದ್ದೆ. ಆನ್‌ಲೈನ್ ಮಾರಾಟ ಬಂದ್, ನಗದು ಮಾತ್ರ. ಇದಕ್ಕೆ ಮಂಡಳಿಯಲ್ಲಿ ಬೈಸಿಕೊಂಡದ್ದು ಬೇರೆ ಕಥೆ. ಆದರೆ ಅದರಿಂದಲೇ ಊರಿನ ಮುಖ್ಯ ಬೀದಿಯಲ್ಲಿ ಕ್ಯೂ ನಿಂತಿತು, ಕ್ಯೂ ನೋಡಿ ಇನ್ನಷ್ಟು ಜನ ನಿಂತರು. ಜಾಹೀರಾತಿಗೆ ನಾನು ಹಾಕಿದ್ದು ಬರೀ 40 ಡಾಲರ್, ಕರಪತ್ರಕ್ಕೆ.

ವಿಮೆ ಏಜೆಂಟ್ ಇನ್ನೊಂದು ತಲೆನೋವು. ಅಮೆರಿಕದಲ್ಲಿ ಭಯೋತ್ಪಾದನೆಯ ವಿಮೆಗೆ ಬೆನ್ನಿಗಿರುವುದು 2002ರ ಸರ್ಕಾರಿ ಕಾಯ್ದೆ. ಅದರ ಅವಧಿ ಮುಗಿಯುತ್ತಿದ್ದದ್ದು ಸರಿಯಾಗಿ ಆ ಡಿಸೆಂಬರ್ 31ಕ್ಕೆ, ನವೀಕರಿಸದೆಯೇ ಸಂಸತ್ತು ರಜೆಗೆ ಹೋಗಿತ್ತು! (ಜನವರಿ 12ಕ್ಕೆ ಮತ್ತೆ ಜಾರಿಗೆ ಬಂತು, ನಮಗೇನು ಬಂತು?) ಏಜೆಂಟು ಒಂದು ವಾರದ ರಕ್ಷಣೆಗೆ 700 ಡಾಲರ್ ಹೆಚ್ಚಿಗೆ ಕೇಳಿದ. ಕೊಟ್ಟೆ. ಪೊಲೀಸ್ ಮುಖ್ಯಸ್ಥರ ಹತ್ತಿರ ನಾನೇ ಹೋಗಿ ಕೂತು ಮಾತಾಡಿದೆ. ಗಂಟೆಗೆ 45 ಡಾಲರಿನಂತೆ ಡ್ಯೂಟಿ ಮುಗಿಸಿದ ಒಬ್ಬ ಅಧಿಕಾರಿಯನ್ನು ದಿನಕ್ಕೆ ಆರು ಗಂಟೆ ನಿಲ್ಲಿಸಿದೆವು. ಬ್ಯಾಗ್ ಒಳಗೆ ಬಿಡುವಂತಿಲ್ಲ ಅಂತ ಬೋರ್ಡು. ಆ ಅಧಿಕಾರಿ ಮೂರನೇ ದಿನದ ಹೊತ್ತಿಗೆ ಪಾಪ್‌ಕಾರ್ನ್ ಕೌಂಟರಿನಲ್ಲಿ ಕೈಜೋಡಿಸುತ್ತಿದ್ದ.

25, ಗುರುವಾರ. ಬೆಳಿಗ್ಗೆ ಒಂಬತ್ತಕ್ಕೆ ಬಾಯ್ಲರ್ ಕೈಕೊಟ್ಟಿತು. ಹಬ್ಬದ ದಿನ ಬಂದ ರಿಪೇರಿಯವನು 1,100 ಡಾಲರ್ ಕೇಳಿದ, ಚೌಕಾಸಿ ಮಾಡುವ ಮುಖ ನನ್ನದಾಗಿರಲಿಲ್ಲ. ಮೊದಲ ಶೋ ನಾಲ್ಕೂವರೆಗೆ, ಸುಮಾರು 190 ಜನ. ಏಳೂಕಾಲಕ್ಕೆ ಹೌಸ್‌ಫುಲ್. ಹತ್ತರ ಶೋಗೆ 130 ಚಿಲ್ಲರೆ. ಕಾಲೇಜು ರಜೆ, ಹುಡುಗರೆಲ್ಲ ಊರು ಬಿಟ್ಟಿದ್ದರು. ಬಂದವರಲ್ಲಿ ಅರ್ಧಕ್ಕರ್ಧ ಅರವತ್ತು ದಾಟಿದವರು, ಈ ಜಾತಿಯ ಪೋಲಿ ಹಾಸ್ಯವನ್ನು ಜನ್ಮದಲ್ಲಿ ದುಡ್ಡು ಕೊಟ್ಟು ನೋಡದವರು. ಒಬ್ಬ ಅಜ್ಜಿ ನನ್ನ ಕೈ ಹಿಡಿದು, ನಿನ್ನೆಯೇ ಮನೆಯಲ್ಲಿ ನೋಡಿದೆ, ಚೆನ್ನಾಗಿಲ್ಲ, ಆದರೂ ಬಂದೆ ಅಂದರು. ಸಿನಿಮಾ ಅಷ್ಟಕ್ಕಷ್ಟೇ, ನಾನೂ ಒಪ್ಪುತ್ತೇನೆ.

ನಾಲ್ಕು ದಿನಕ್ಕೆ 1,250 ಟಿಕೆಟ್, ಹನ್ನೆರಡೂವರೆ ಸಾವಿರ. ದೇಶದಾದ್ಯಂತ ಥಿಯೇಟರಿನಿಂದ ಬಂದದ್ದು ಒಟ್ಟು 28 ಲಕ್ಷ ಡಾಲರ್, ಪರದೆಗೆ ಎಂಟೂವರೆ ಸಾವಿರದಂತೆ. 24ರಿಂದ 27ರವರೆಗಿನ ನಾಲ್ಕು ದಿನದಲ್ಲಿ ಆನ್‌ಲೈನಿನಲ್ಲಿ 1.5 ಕೋಟಿ. ಸ್ಟುಡಿಯೋದ ಪಾಲು ಎಷ್ಟಿತ್ತು ಅಂತ ಬರೆಯುವಂತಿಲ್ಲ, ಸಹಿ ಹಾಕಿದ್ದೇನೆ. ಪೊಲೀಸು, ವಿಮೆ, ಬಾಯ್ಲರ್, ಹುಡುಗರಿಗೆ ಹಬ್ಬದ ದುಪ್ಪಟ್ಟು ಕೂಲಿ ಎಲ್ಲ ಕಳೆದು, ಪಾಪ್‌ಕಾರ್ನ್ ಸೇರಿಸಿ, ಕೈಯಲ್ಲುಳಿದದ್ದು ನಾಲ್ಕು ಸಾವಿರದ ಹತ್ತಿರ. ಖಜಾಂಚಿ ಎರಡು ಸಲ ಎಣಿಸಿದರು.

ಉತ್ಸಾಹದಲ್ಲಿ ಎಡವಿದ್ದೂ ಇದೆ. ಶನಿವಾರದ ಶೋ ಆದ ಮೇಲೆ ಕೊರಿಯಾ ರಾಜಕೀಯದ ಬಗ್ಗೆ ನಿವೃತ್ತ ಮೇಷ್ಟರೊಬ್ಬರಿಂದ ಮಾತು ಇಟ್ಟೆ. ಅವರು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಮುಕ್ಕಾಲು ಹಾಲ್ ಖಾಲಿ.

2017ರಲ್ಲಿ ‘ಬಾಹುಬಲಿ 2’ಕ್ಕೆ ಕರ್ನಾಟಕದಲ್ಲಿ ವಿರೋಧ ಎದ್ದಾಗ, ಹಾಸನದ ಕಡೆ ಥಿಯೇಟರ್ ನಡೆಸುವ ಗೆಳೆಯ ಫೋನ್ ಮಾಡಿ, ಸ್ಲಾಟ್ ಬೇರೆಯವರಿಗೆ ಕೊಡಲಾ ಅಂತ ಕೇಳಿದ. ಇಟ್ಕೋ ಅಂದೆ. ಕಾವೇರಿ ವಿಷಯದಲ್ಲಿ ಹಿಂದೆ ಆಡಿದ್ದ ಮಾತಿಗೆ ನಟ ಸತ್ಯರಾಜ್ ವಿಷಾದ ಹೇಳಿದರು, ಏಪ್ರಿಲ್ 28ಕ್ಕೆ ಸಿನಿಮಾ ಬಂತು. ಆ ಗೆಳೆಯ ಈಗಲೂ ನಾನು ಊರಿಗೆ ಹೋದಾಗ ಊಟದ ಬಿಲ್ಲು ಕೊಡಲು ಬಿಡುವುದಿಲ್ಲ.

ಇದೇ ಪಟ್ಟನ್ನು ಕನ್ನಡ ಸಿನಿಮಾಕ್ಕೆ ಹಾಕಿ ನೋಡಿದೆ. ಆಗಲೇ ನೆಟ್ಟಿನಲ್ಲಿದ್ದ ಸಿನಿಮಾ, ಭಾನುವಾರ ಮಧ್ಯಾಹ್ನ, ನಗದು ಟಿಕೆಟ್ಟು, ಕ್ಯೂ. ಕ್ಯೂನಲ್ಲಿ ನಿಂತವರು 37 ಜನ, ಅದರಲ್ಲಿ ಎಂಟು ನನ್ನ ಸಂಬಂಧಿಕರು. ನಷ್ಟ 310 ಡಾಲರ್. ಎರಡನೇ ಸಲ ಪುಳಿಯೋಗರೆ, ಚಿರೋಟಿ ಇಟ್ಟೆ: 60 ಜನ, ಊಟದ ಖರ್ಚು ಸೇರಿ ನಷ್ಟ ಇನ್ನೂ ಜಾಸ್ತಿ. ಮೂರನೇ ಸಲ 170. ನಡುವೆ ಬದಲಾಯಿಸಿದ್ದು ಒಂದೇ ಒಂದು, ಅದು ಊಟವೂ ಅಲ್ಲ, ಟಿಕೆಟ್ ದರವೂ ಅಲ್ಲ. ದೀಪಾವಳಿಗೆ ಇನ್ನೊಂದು ಶೋ ಇಟ್ಟುಕೊಂಡಿದ್ದೇನೆ, ಅದು ಮುಗಿಯುವ ತನಕ ಕೇಳಬೇಡಿ.