ಫನಲ್‌ನ ನಡುವೆ ನಿಂತ ಬಿಳಿ ನೊರೆ, ಬಿಡಿಸಿದ್ದು ಉಪ್ಪುನೀರು

ತುಮಕೂರಿನ ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಬೆಂಜೋಯಿಕ್ ಆಮ್ಲ ಮತ್ತು ನ್ಯಾಫ್ತಲೀನ್ ಬೆರೆತ ಪುಡಿಯನ್ನು ಬೇರೆ ಮಾಡಬೇಕಿತ್ತು. ಮೊದಲನೆಯದು ಹುಳುಕಡ್ಡಿಗೆ ಹಚ್ಚುವ ವಿಟ್‌ಫೀಲ್ಡ್ ಮುಲಾಮಿನಲ್ಲಿ ಇರುತ್ತದೆ. ಎರಡನೆಯದು ಬಟ್ಟೆ ನಡುವೆ ಇಡುವ ನುಸಿಗುಳಿಗೆ.

ಎರಡೂ ಈಥೈಲ್ ಅಸಿಟೇಟ್ ಎಂಬ, ನೀರಿನ ಮೇಲೆ ತೇಲುವ ದ್ರವದಲ್ಲಿ ಕರಗುತ್ತವೆ. ಕೆಳಗೆ ನಲ್ಲಿ ಇರುವ ಸೆಪರೇಟಿಂಗ್ ಫನಲ್‌ನಲ್ಲಿ ಅದಕ್ಕೆ ಸೋಡಿಯಂ ಬೈಕಾರ್ಬೊನೇಟ್ (ಅಡುಗೆ ಸೋಡಾ) ದ್ರಾವಣ ಸೇರಿಸಿದರೆ ಆಮ್ಲವು ಸೋಡಿಯಂ ಬೆಂಜೊಯೇಟ್ ಆಗಿ ಕೆಳಗಿನ ನೀರಿಗೆ ಇಳಿಯುತ್ತದೆ. ನ್ಯಾಫ್ತಲೀನ್‌ಗೆ ಆಮ್ಲದ ಗುಣ ಇಲ್ಲ, ಮೇಲೆಯೇ ಉಳಿಯುತ್ತದೆ.

ತೊಂದರೆ ಆಗಿದ್ದು ಇಲ್ಲೇ. ಎರಡು ಪದರಗಳ ಮಧ್ಯೆ ಮಜ್ಜಿಗೆ ನೊರೆಯಂಥ ಎಮಲ್ಷನ್, ಅಂದರೆ ಎರಡೂ ದ್ರವ ಹನಿಹನಿಯಾಗಿ ಬೆರೆತ ಮಿಶ್ರಣ, ನಿಂತುಬಿಟ್ಟಿತು. ಎಷ್ಟು ಕಾದರೂ ಗೆರೆ ಮೂಡಲಿಲ್ಲ. ಹಾಗೇ ಸುಮ್ನೆ ಕೆಳಗಿನದನ್ನು ಬಿಟ್ಟರೆ ನ್ಯಾಫ್ತಲೀನ್ ಕೂಡ ಇಳಿದು ಬರುತ್ತದೆ ಅಲ್ವಾ?

"ಉಪ್ಪುನೀರು ಹಾಕಿ ನೋಡ್ರಪ್ಪಾ" ಎಂದರು ಮೇಡಂ. ಡಿಸ್ಟಿಲ್ಡ್ ನೀರಿನಲ್ಲಿ ಕರಗುವಷ್ಟೂ ಉಪ್ಪು ಕರಗಿಸಿ ಸ್ವಲ್ಪ ಸುರಿದೆವು. ಜೋರಾಗಿ ಕುಲುಕದೆ ಫನಲ್ ಅನ್ನು ಮೆಲ್ಲಗೆ ತಿರುಗಿಸಿದೆವು. ನೊರೆ ಒಡೆದು ಗೆರೆ ಚೆನ್ನಾಗಿ ಕಂಡಿತು. ನನಗೆ ಆದ ಖುಷಿ ಹೇಳತೀರದು! ಉಪ್ಪು, ನೀರಿನ ಸಾಂದ್ರತೆಯನ್ನು ಹೆಚ್ಚಿಸುತ್ತದೆ. ನೀರಿನಲ್ಲಿ ಸೇರಿಕೊಂಡ ಈಥೈಲ್ ಅಸಿಟೇಟನ್ನೂ ಹೊರಗೆ ತಳ್ಳುತ್ತದೆ. ಹಾಗಾಗಿ ಎರಡೂ ಬೇಗ ಬೇರೆಯಾಗುತ್ತವೆ.

ಒಂದು ಎಚ್ಚರಿಕೆ. ಬೈಕಾರ್ಬೊನೇಟ್ ಹಾಕಿದಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಬರುತ್ತದೆ. ಪದೇಪದೇ ಫನಲ್ ಅನ್ನು ತಲೆಕೆಳಗೆ ಹಿಡಿದು ನಲ್ಲಿ ತೆರೆದು ಗಾಳಿ ಬಿಡಿ, ಇಲ್ಲದಿದ್ದರೆ ಮುಚ್ಚಳ ಹಾರೀತು.

ಆಮೇಲೆ ನೀರಿನ ಪದರಕ್ಕೆ ಹೈಡ್ರೊಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಪಿಎಚ್ 2ಕ್ಕೆ ತಂದೆವು. ಆಗ ಬೆಂಜೊಯೇಟ್ ಮತ್ತೆ ಬೆಂಜೋಯಿಕ್ ಆಮ್ಲವಾಗುತ್ತದೆ; ಐಸ್‌ನಲ್ಲಿಟ್ಟಾಗ ಅದರ ಬಿಳಿ ಹರಳು ಬಿತ್ತು. ಒಣಗಿಸಿ ನೋಡಿದರೆ 122 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗಿತು. ಶುದ್ಧ ಬೆಂಜೋಯಿಕ್ ಆಮ್ಲ ಕರಗುವುದೂ ಅಲ್ಲೇ.