ನಿಂತ ಬೈಕ್ ಬಿದ್ದರೆ: ಬ್ರೇಕು ಮೊದಲು, ಗೀರು ಆಮೇಲೆ

ವಿಜಯಪುರ ಜಿಲ್ಲೆಯಲ್ಲಿ ಬೈಕ್ ಬೀಳಲು ವೇಗವೇ ಬೇಕಿಲ್ಲ. ಮಳೆಯಾದ ಮರುದಿನ ತಾಳಿಕೋಟಿ ಕಡೆ ಡೋಣಿ ದಂಡೆಯ ಎರೆಹೊಲದ ಬದುವಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ, ಬುತ್ತಿ ಕೊಟ್ಟು ಬನ್ನಿ. ಅಷ್ಟರಲ್ಲಿ ಸ್ಟ್ಯಾಂಡ್ ಮಣ್ಣಿನೊಳಗೆ ಇಳಿದು ಗಾಡಿ ಎಡಕ್ಕೆ ಮಲಗಿರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನಿಂದ ಉದುರಿದ ರವದಿಯ (ಕಬ್ಬಿನ ಒಣ ಗರಿ) ಮೇಲೆ ನಿಧಾನ ತಿರುಗಿಸಿದರೂ ಅದೇ ಗತಿ. ಎಲ್ಲರ ಕಣ್ಣೂ ಮೊದಲು ಹೋಗುವುದು ಟ್ಯಾಂಕಿನ ಗೀರಿಗೆ. ಅದು ಒಂದು ತಿಂಗಳು ಕಾದರೂ ನಡೆಯುತ್ತದೆ. ಕ್ಲಚ್-ಬ್ರೇಕ್ ಹಿಡಿಕೆ, ಪೆಡಲ್, ಮುಂದಿನ ಗಾಲಿ ಹಿಡಿದಿರುವ ಫೋರ್ಕ್ ಕಾಯುವುದಿಲ್ಲ.

ಎತ್ತುವುದು

ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ. ಹಳೆಯ ಕಾರ್ಬ್ಯುರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಕೂಡ ಬಂದ್ ಮಾಡಿ. ಮಲಗಿದ ಗಾಡಿಯಿಂದ ಪೆಟ್ರೋಲ್ ಸೋರುತ್ತದೆ, ಹತ್ತಿರ ಬೀಡಿ ಬೇಡ. ಬಗ್ಗಿ ಸೊಂಟದ ಬಲದಿಂದ ಎತ್ತಲು ಹೋಗಬೇಡಿ. 100 ಸಿಸಿ ಗಾಡಿಯೇ ನೂರು ಕಿಲೋ ಮೀರುತ್ತದೆ, ಬುಲೆಟ್ 190 ಕಿಲೋ ಆಸುಪಾಸು. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ತಳ್ಳುತ್ತ ಏಳಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹೊರಗೆ ಚಾಚಿರಲಿ, ಇಲ್ಲದಿದ್ದರೆ ಎದ್ದ ಗಾಡಿ ಎಡಕ್ಕೆ ಉರುಳುತ್ತದೆ. ಹೊಲದಲ್ಲಿದ್ದರೆ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು ಇಡಿ. ಹಿಡಿಕೆಗಳ ಸಂದಿಗೆ ಹೊಕ್ಕ ಎರೆಮಣ್ಣನ್ನು ಹಸಿ ಇರುವಾಗಲೇ ತೊಳೆಯಿರಿ, ಒಣಗಿದರೆ ಕಲ್ಲಾಗುತ್ತದೆ.

ತಕ್ಷಣ ಸ್ಟಾರ್ಟ್ ಬಟನ್ ಒತ್ತಬೇಡಿ. ಗಟ್ಟಿ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಐದು ನಿಮಿಷ ಬಿಟ್ಟರೆ ಆಯಿಲ್ ಕೆಳಗಿಳಿಯುತ್ತದೆ. ಮಟ್ಟ ನೋಡಿ, ಎಂಜಿನ್ ಕವರಿನಲ್ಲಿ ಬಿರುಕು, ಸೋರಿಕೆ ಇದೆಯೇ ಗಮನಿಸಿ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ಹೊಗೆ ಬಂದರೆ ಗಾಬರಿ ಬೇಡ, ಒಳಗೆ ಹರಿದ ಆಯಿಲ್ ಉರಿಯುತ್ತಿರುತ್ತದೆ. ಆದರೆ ಕಿಕ್ಕರ್ ಕಲ್ಲಿನಂತೆ ಬಿಗಿಯಾಗಿದ್ದರೆ ಜೋರು ಮಾಡಬೇಡಿ. ಸಿಲಿಂಡರಿನಲ್ಲಿ ಪೆಟ್ರೋಲೋ ಆಯಿಲೋ ತುಂಬಿರಬಹುದು. ಪ್ಲಗ್ ಬಿಚ್ಚಿ ಕಿಕ್ ಹೊಡೆದು ಅದನ್ನು ಹೊರಗೆ ಹಾಕಬೇಕು. ಫ್ಯೂಯಲ್ ಇಂಜೆಕ್ಷನ್ ಇರುವ ಎಷ್ಟೋ ಗಾಡಿಗಳಲ್ಲಿ ಗಾಡಿ ವಾಲಿದ್ದನ್ನು ಗುರುತಿಸುವ ಸೆನ್ಸರ್ ಎಂಜಿನ್ ನಿಲ್ಲಿಸಿರುತ್ತದೆ. ಕೀಲಿ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು, ತಳ್ಳಿಕೊಂಡು ಗ್ಯಾರೇಜಿಗೆ ಹೋಗಬೇಕಿಲ್ಲ.

ಕೈ, ಕಾಲಿಗೆ ಸಿಗುವ ಭಾಗಗಳು

ಎಕ್ಸಲೇಟರ್ ಮೊದಲು. ಬಲಕ್ಕೆ ಬಿದ್ದಾಗ ಹ್ಯಾಂಡಲಿನ ತುದಿ ನೆಲಕ್ಕೆ ಬಡಿದು ಗ್ರಿಪ್ ಒಳಕ್ಕೆ ಸರಿದು ಸಿಕ್ಕಿಕೊಳ್ಳುತ್ತದೆ. ಎಂಜಿನ್ ಬಂದ್ ಇರುವಾಗಲೇ ತಿರುವಿ ಬಿಡಿ, ತಾನಾಗಿ ಟಪ್ಪನೆ ಹಿಂದೆ ಬರಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಯೂ ನೋಡಿ. ಬಾರದಿದ್ದರೆ ಆ ಗಾಡಿ ಹತ್ತಬೇಡಿ.

ಕ್ಲಚ್, ಬ್ರೇಕ್ ಹಿಡಿಕೆಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಬಾಗಿದ್ದನ್ನು ಕೈಯಿಂದ ನೆಟ್ಟಗೆ ಮಾಡಿಕೊಡುವ ಮಿಸ್ತ್ರಿಗಳಿದ್ದಾರೆ. ನನ್ನ ಮಾತು ಕೇಳುವುದಾದರೆ ಬೇಡ ಎನ್ನಿ. ಒಳಗೆ ಕಾಣದ ಬಿರುಕು ಬಿಟ್ಟು, ಜೋರಾಗಿ ಬ್ರೇಕ್ ಹಿಡಿದ ದಿನ ಮುರಿಯುತ್ತದೆ. ಹೊಸ ಹಿಡಿಕೆ ತುಟ್ಟಿಯೇನಲ್ಲ. ಕಬ್ಬಿಣದ ಗೇರ್ ಲಿವರ್ ಬಗ್ಗಿದರೆ ಬಡಿಸಿ ನೆಟ್ಟಗೆ ಮಾಡಬಹುದು, ಆದರೆ ಬಿಚ್ಚಿ ಹೊರಗೆ ತೆಗೆದು. ಗಾಡಿಯಲ್ಲಿದ್ದಂತೆಯೇ ಸುತ್ತಿಗೆ ಹಾಕಿದರೆ ಶಾಫ್ಟಿಗೆ ಪೆಟ್ಟಾಗಿ ಸೀಲಿನಿಂದ ಆಯಿಲ್ ಜಿನುಗಲು ಶುರುವಾಗುತ್ತದೆ. ಬಲಗಡೆಯ ಬ್ರೇಕ್ ಪೆಡಲ್ ಎಲ್ಲೂ ಸಿಕ್ಕದೆ ಒತ್ತಿ ಬಿಟ್ಟಾಗ ಮರಳಿ ಬರುತ್ತದೆಯೇ, ಹಿಂದಿನ ಗಾಲಿ ಸರಾಗ ತಿರುಗುತ್ತದೆಯೇ ನೋಡಿ. ಡಿಸ್ಕ್ ಬ್ರೇಕಿನ ಹಿಡಿಕೆ ಮೆತ್ತಗಾಗಿದ್ದು, ಹಲವು ಸಲ ಒತ್ತಿದರೂ ಗಟ್ಟಿಯಾಗದಿದ್ದರೆ ಗಾಳಿ ಹೊಕ್ಕಿದೆ, ಅದನ್ನು ಹೊರಗೆ ಹಾಕುವ ಬ್ಲೀಡಿಂಗ್ ಮಾಡಿಸಬೇಕು. ಚೆಲ್ಲಿದ ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ, ತಕ್ಷಣ ನೀರು ಹಾಕಿ.

ಹ್ಯಾಂಡಲ್ ಸೊಟ್ಟಗಾದರೆ

ಗಾಲಿ ನೇರ ಇದ್ದರೂ ಹ್ಯಾಂಡಲ್ ಒಂದು ಕಡೆ ತಿರುಗಿದಂತೆ ಕಾಣುತ್ತದೆಯೇ? "ಫೋರ್ಕ್ ಹೋಯ್ತ್ರೀ, ಹೊಸಾದ ಹಾಕಬೇಕ" ಎಂಬ ಮಿಸ್ತ್ರಿಯ ಮಾತು ಇಲ್ಲಿ ಬರುತ್ತದೆ. ಅವಸರ ಮಾಡಬೇಡಿ. ಸಣ್ಣ ಬೀಳುವಿಕೆಯಲ್ಲಿ ಫೋರ್ಕ್ ಪೈಪುಗಳು ಬಾಗುವುದಕ್ಕಿಂತ ತಮ್ಮ ಹಿಡಿತದಲ್ಲೇ ತುಸು ತಿರುಚಿಕೊಳ್ಳುವುದೇ ಹೆಚ್ಚು. ಮುಂದಿನ ಆಕ್ಸಲ್, ಮಡ್‌ಗಾರ್ಡಿನ ಬೋಲ್ಟ್, ಫೋರ್ಕ್ ಪೈಪುಗಳನ್ನು ಹಿಡಿದಿರುವ ಹ್ಯಾಂಡಲ್ ಟಿಯ ಕೆಳಗಿನ ಬೋಲ್ಟ್ ಸಡಿಲಿಸಿ. ಬಿಚ್ಚಬೇಡಿ, ಸಡಿಲಿಸಿದರೆ ಸಾಕು. ಗಾಲಿಯನ್ನು ಮೊಣಕಾಲುಗಳ ನಡುವೆ ಬಿಗಿಹಿಡಿದು ಹ್ಯಾಂಡಲನ್ನು ವಿರುದ್ಧ ದಿಕ್ಕಿಗೆ ಜಗ್ಗಿ. ಮುಂದಿನ ಬ್ರೇಕ್ ಹಿಡಿದು ಶಾಕಪ್‌ಗಳನ್ನು ಮೇಲೆ ಕೆಳಗೆ ಒತ್ತಿ, ಸರಿಹೊಂದಿದೆ ಅನ್ನಿಸಿದ ಮೇಲೆ ಎಲ್ಲ ಬೋಲ್ಟ್ ಬಿಗಿ ಮಾಡಿ. ಬೋಲ್ಟ್ ಎಷ್ಟು ಬಿಗಿಯಾಯಿತೆಂದು ಅಳೆಯುವ ಟಾರ್ಕ್ ಪಾನಾ ಇರುವ ಗ್ಯಾರೇಜಿನಲ್ಲಿ ಮಾಡಿಸಿದರೆ ಇನ್ನೂ ಒಳ್ಳೆಯದು. ಪೈಪಿನ ಮೇಲೆ ಮಡಿಕೆ ಬಿದ್ದಿದ್ದರೆ, ಅಥವಾ ಇಷ್ಟೆಲ್ಲ ಮಾಡಿದ ಮೇಲೂ ಸೊಟ್ಟ ಉಳಿದರೆ, ಮಿಸ್ತ್ರಿ ಹೇಳಿದ್ದು ಸರಿ.

ಕನ್ನಡಿ ಬದಲಿಸುವವರಿಗೆ ಒಂದು ಮಾತು: ಯಮಹಾ ಗಾಡಿಗಳ ಬಲಗನ್ನಡಿಗೆ ಉಲ್ಟಾ ಥ್ರೆಡ್ ಇರುತ್ತದೆ, ಬೇರೆಯದನ್ನು ಒತ್ತಿ ತಿರುವಿದರೆ ಥ್ರೆಡ್ ಕೆಡುತ್ತದೆ.

ವಿಮೆ

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಈ ಖರ್ಚಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ಣ ವಿಮೆ ಇದ್ದರೂ ಹಿಡಿಕೆ, ಇಂಡಿಕೇಟರ್‌ಗೆಲ್ಲ ಕ್ಲೇಮ್ ಮಾಡುವುದು ನಷ್ಟವೇ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಸಿಗುವ 20% ರಿಯಾಯಿತಿ ಐದು ವರ್ಷಕ್ಕೆ 50% ತನಕ ಏರುತ್ತದೆ. ಒಂದು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಅದು ಸೊನ್ನೆಗೆ ಇಳಿಯುತ್ತದೆ. ಮೇಲಾಗಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಸವಕಳಿ ಎಂದು ಅರ್ಧ ಕಡಿಯುತ್ತಾರೆ. ಫೋರ್ಕ್, ಎಂಜಿನ್ ಕವರ್, ಟ್ಯಾಂಕ್ ಎಲ್ಲ ಒಟ್ಟಿಗೆ ಹೋಗಿದ್ದರೆ ಮಾತು ಬೇರೆ. ಆಗ ಗಾಡಿಯ ಫೋಟೊ ತೆಗೆದು ಕಂಪನಿಗೆ ಕೂಡಲೇ ತಿಳಿಸಿ, ಸರ್ವೇಯರ್ ಬಂದು ನೋಡುವ ತನಕ ಒಂದು ನಟ್ಟನ್ನೂ ಬಿಚ್ಚಿಸಬೇಡಿ.